ಎರಡು ಪಾಳಿಯ ಶಾಲೆ, ಒಂದೇ ಬೆಂಚು

ಹೊಸ ಊರಿಗೆ ಹೋದವರು ಗುಡಿ ನೋಡುತ್ತಾರೆ, ಇಲ್ಲವೇ ಸೀರೆ ಅಂಗಡಿ ನೋಡುತ್ತಾರೆ. ನಾನು ನೋಡುವುದು ಹಳೆಯ ಶಾಲೆಗಳ ಮೆಟ್ಟಿಲು. ಹುಬ್ಬಳ್ಳಿಯಲ್ಲಿ ಚಿತ್ರಕಲೆಯ ಶಿಕ್ಷಕಿಯಾಗಿ ನಿವೃತ್ತಳಾದ ಮೇಲೆ ಅಂಟಿಕೊಂಡ ಚಟ ಇದು. ಕಲ್ಲಿನ ಮೆಟ್ಟಿಲು ನಡುವೆ ಎಷ್ಟು ಸವೆದಿದೆ ಎಂಬುದನ್ನು ನೋಡಿದರೆ ಆ ಶಾಲೆ ಎಂಥದ್ದೆಂದು ನನಗೆ ಅರ್ಧ ತಿಳಿದಂತೆ. ಮಿಕ್ಕರ್ಧಕ್ಕೆ ಅಲ್ಲೇ ಕೂತು ಪೆನ್ಸಿಲಿನಲ್ಲಿ ಚಿತ್ರ ಬರೆಯುತ್ತೇನೆ. ನಮ್ಮ ಮನೆಯವರು ಇದಕ್ಕೆ ಹುಚ್ಚು ಎನ್ನುತ್ತಾರೆ. ಇರಲಿ, ಅವರು ಕ್ರಿಕೆಟ್ ನೋಡುತ್ತಾರೆ.

ಮುಂಬೈಗೆ ಹೋಗಿ ಬಂದೆ ಎಂದ ಕೂಡಲೇ ಎಲ್ಲರೂ ಸಮುದ್ರದ ಬಗ್ಗೆ ಕೇಳುತ್ತಾರೆ, ಸಿನಿಮಾ ನಟರ ಬಂಗಲೆಗಳ ಬಗ್ಗೆ ಕೇಳುತ್ತಾರೆ. ನಾನು ಎರಡನ್ನೂ ನೋಡಲಿಲ್ಲ. ನಾನು ಹೋದದ್ದು ಬೆಳಿಗ್ಗೆ ಮುಂಬೈಗೆ ಹೋಗಿ ಸಂಜೆ ಜೀವ ಕೈಯಲ್ಲಿ ಹಿಡಿದು ವಾಪಸ್ ಬರುವ ಜನರ ಊರುಗಳಿಗೆ. ಡೊಂಬಿವಲಿ, ಠಾಣೆ, ಕಲ್ಯಾಣ, ನವಿ ಮುಂಬೈ. ಪ್ರವಾಸದ ಪುಸ್ತಕಗಳಲ್ಲಿ ಈ ಊರುಗಳಿಗೆ ಒಂದು ಪುಟವೂ ಸಿಗುವುದಿಲ್ಲ. ಹಾಗಾಗಿಯೇ ನನಗೆ ಅವು ಇಷ್ಟವಾದವು.

ಕರೆದವರು ಸುಮತಕ್ಕ. ಕಾಶಿ ಯಾತ್ರೆಯಲ್ಲಿ ನಮ್ಮಿಬ್ಬರಿಗೂ ಒಂದೇ ಕೋಣೆ ಕೊಟ್ಟಿದ್ದರು. ಅವರ ಗೊರಕೆ ನನಗೂ ನನ್ನ ಬೆಳಗಿನ ಕೆಮ್ಮು ಅವರಿಗೂ ಅಭ್ಯಾಸವಾಗುವಷ್ಟರಲ್ಲಿ ಗೆಳೆತನ ಗಟ್ಟಿಯಾಗಿತ್ತು. ಅವರ ಅಪ್ಪ ಅಮ್ಮ ಉಡುಪಿ ಕಡೆಯವರು. ಸುಮತಕ್ಕ ಹುಟ್ಟಿ ಬೆಳೆದದ್ದು ಮಾತ್ರ ಕಲ್ಯಾಣದಲ್ಲಿ, ಅಪ್ಪನ ಸಣ್ಣ ಹೋಟೆಲಿನ ಹಿಂದಿನ ಖೋಲಿಯಲ್ಲಿ. ಈಗ ಮಗಳು ನೇಹಾಳ ಜೊತೆ ಡೊಂಬಿವಲಿಯಲ್ಲಿದ್ದಾರೆ. ನನ್ನನ್ನು ಅವರು ಕರೆಯುವುದು ಟೀಚರ್ ಎಂದು. ನಿವೃತ್ತಿಯಾದರೂ ಬಿಡಲಿಲ್ಲ.

ಡೊಂಬಿವಲಿ

ಸುಮತಕ್ಕನ ಮನೆ ಇರುವುದು ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ. ರಸ್ತೆಯ ಆಚೆ ರಾಸಾಯನಿಕದ ಕಾರ್ಖಾನೆಗಳು, ಈಚೆ ತುಳಸಿಕಟ್ಟೆ, ಪಾರಿಜಾತ, ಯೋಗದ ಕ್ಲಾಸು. ನಮ್ಮಲ್ಲಿ ಬೆಳಿಗ್ಗೆ ಎದ್ದು ಮೋಡ ಇದೆಯೇ ನೋಡುತ್ತೇವೆ. ಇಲ್ಲಿಯವರು ಬಾಲ್ಕನಿಗೆ ಬಂದು ಮೂಗನ್ನು ಮೇಲೆತ್ತುತ್ತಾರೆ. ಗಾಳಿ ಯಾವ ಕಡೆಯಿಂದ ಇದೆ, ಇವತ್ತು ಯಾವ ವಾಸನೆ ಎಂದು ತೀರ್ಮಾನ ಮಾಡಿ ಆಮೇಲೆ ಬಟ್ಟೆ ಒಣಹಾಕುತ್ತಾರೆ.

"ಇವತ್ತು ಅಡ್ಡಿ ಇಲ್ಲ. ಬರೀ ಕೊಳೆತ ಎಲೆಕೋಸಿನ ವಾಸನೆ. ಸೀರೆ ಹಾಕ್ಬಹುದು," ಎಂದರು ಸುಮತಕ್ಕ. ನನಗೆ ತಲೆ ಸುತ್ತುತ್ತಿತ್ತು. ಅವರು ನಿರಾಳವಾಗಿ ಕ್ಲಿಪ್ ಹಾಕುತ್ತಿದ್ದರು.

ಆ ಮನೆಯಲ್ಲಿ ಮಾತುಕತೆ ನಡೆಯುವ ರೀತಿಯೇ ಬೇರೆ. ತಾಯಿ ಕನ್ನಡದಲ್ಲಿ ಕೇಳುತ್ತಾರೆ, ಮಗಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಜಗಳ ಹಿಂದಿಗೆ ಹೋಗುತ್ತದೆ, ರಾಜಿ ತುಳುವಿನಲ್ಲಿ ಆಗುತ್ತದೆ. ನಾನು ಹುಬ್ಬಳ್ಳಿಯ ಕನ್ನಡದಲ್ಲಿ "ಒಂದೀಟು ನೀರು ಕೊಡವಾ" ಎಂದಾಗ ನೇಹಾ ಒಂದು ಕ್ಷಣ ನನ್ನನ್ನೇ ನೋಡಿ, ಇದು ಇನ್ನೊಂದು ಭಾಷೆಯೇ ಎಂದು ತಾಯಿಯನ್ನು ವಿಚಾರಿಸಿದಳು.

ಊಟವಾದ ಮೇಲೆ ನನ್ನ ಚಿತ್ರದ ಪುಸ್ತಕ ತಿರುವುತ್ತಾ ಸುಮತಕ್ಕ ಹೇಳಿದರು: "ನಿಮಗೆ ಎಲ್ಲಾ ಕಡೆ ಕರ್ಕೊಂಡು ಹೋಗ್ತೇನೆ ಟೀಚರ್. ಆದ್ರೆ ಭಾನುವಾರ ನೀವು ನನ್ನ ಜೊತೆ ಕಲ್ಯಾಣಕ್ಕೆ ಬರ್ಬೇಕು. ನನ್ನ ಶಾಲೆಗೆ. ಒಬ್ಬಳೇ ಹೋಗ್ಲಿಕ್ಕೆ ಧೈರ್ಯ ಸಾಲುದಿಲ್ಲ."

ಹಳೆಯ ಶಾಲೆ ಎಂದರೆ ನಾನು ನಿದ್ದೆಯಲ್ಲಿಯೂ ಎದ್ದು ಹೊರಡುವವಳು. ಧೈರ್ಯ ಯಾಕೆ ಬೇಕು ಎಂದು ಕೇಳಿದೆ. ಆಗ ಅವರು ಕುಂದಾ ಎಂಬ ಹುಡುಗಿಯ ವಿಷಯ ತೆಗೆದರು.

"ನಮ್ಮ ಶಾಲೆಗೆ ಎರಡು ಪಾಳಿ. ಬೆಳಿಗ್ಗೆ ಮರಾಠಿ ಮೀಡಿಯಮ್, ಮಧ್ಯಾಹ್ನ ನಮ್ಮ ಕನ್ನಡ. ಬಿಲ್ಡಿಂಗ್ ಒಂದೇ, ಬೆಂಚ್ ಒಂದೇ, ಹೆಡ್‌ಮಾಸ್ತರು ಮಾತ್ರ ಬೇರೆ. ಅವರು ಮುಂದಿನ ಮೆಟ್ಟಿಲಲ್ಲಿ ಇಳಿದು ಹೋದ ಮೇಲೆ ನಾವು ಹಿಂದಿನ ಮೆಟ್ಟಿಲಲ್ಲಿ ಹತ್ತುದು. ಗಲಾಟೆ ಆಗ್ಬಾರ್ದು ಅಂತ. ಹಾಗಾಗಿ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಮೂರನೇ ಕ್ಲಾಸಲ್ಲಿ ಒಂದಿನ ನನ್ನ ಡೆಸ್ಕಿನ ಖಾನೆಯಲ್ಲಿ ಹುಣಸೆಹಣ್ಣು ಇತ್ತು, ಉಪ್ಪು ಹಾಕಿದ್ದು. ಬೆಳಗಿನ ಹುಡುಗಿ ಮರ್ತು ಹೋದದ್ದು. ನಾನು ತಿಂದೆ. ಆಮೇಲೆ ಪಾಪ ಅನ್ನಿಸಿ, ಸಂಜೆ ಹೋಗುವಾಗ ನನ್ನ ಡಬ್ಬಿಯ ಬನ್ಸ್ ಕಾಗದದಲ್ಲಿ ಸುತ್ತಿ ಅಲ್ಲೇ ಇಟ್ಟು ಬಂದೆ."

ಬಾಳೆಹಣ್ಣು ಕಲಸಿ ಕರಿದ ಆ ಬನ್ಸು ಅವರ ಅಪ್ಪನ ಹೋಟೆಲಿನದು. ಮರುದಿನ ಬನ್ಸ್ ಇರಲಿಲ್ಲ, ಅದರ ಜಾಗದಲ್ಲಿ ನೇರಳೆಹಣ್ಣು ಇತ್ತು. ಹಾಗೆ ಶುರುವಾಯಿತು. ನಾಲ್ಕನೆಯ ತರಗತಿಯಲ್ಲಿ ಒಂದು ದಿನ ಆ ಹುಡುಗಿ ಕಂಪಾಸಿನ ಮೊನೆಯಿಂದ ಡೆಸ್ಕಿನ ಮೇಲೆ ಮರಾಠಿಯಲ್ಲಿ ಹೆಸರು ಕೊರೆದಳು, ಕುಂದಾ ಎಂದು. ಸುಮತಕ್ಕ ಪಕ್ಕದಲ್ಲಿ ಕನ್ನಡದಲ್ಲಿ ತಮ್ಮ ಹೆಸರು ಕೊರೆದರು. ಪ್ರತಿ ಜೂನಿನಲ್ಲಿ ಮೇಲಿನ ತರಗತಿಗೆ ಹೋದಾಗಲೂ ಕಿಟಕಿಯ ಪಕ್ಕದ ಮೂರನೇ ಬೆಂಚನ್ನೇ ಓಡಿಹೋಗಿ ಹಿಡಿಯುತ್ತಿದ್ದರು. ಅಲ್ಲಿಯೂ ಹುಣಸೆಹಣ್ಣು ಬರುತ್ತಿತ್ತು. ಏಳನೆಯ ತರಗತಿ ಮುಗಿಯುವ ತನಕ ಇದು ನಡೆಯಿತು. ಇಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ.

"ಹುಡುಕಲಿಲ್ಲೇನ್ರಿ?"

"ಎಂತ ಹಿಡ್ಕೊಂಡು ಹುಡುಕುದು? ಅಡ್ಡಹೆಸರು ಗೊತ್ತಿಲ್ಲ. ಕಲ್ಯಾಣದಲ್ಲಿ ಕಲ್ಲು ಬಿಸಾಡಿದ್ರೆ ಒಬ್ಬಳು ಕುಂದಾಗೆ ತಾಗ್ತದೆ. ಹೋಟೆಲಿನ ಹಿಂದಿನ ಖೋಲಿಗೆ ಯಾರನ್ನೂ ಕರೀಲಿಕ್ಕೆ ಆಗ್ತಿರಲಿಲ್ಲ ಟೀಚರ್. ನನಗೆ ಅಂತ ಇದ್ದ ಫ್ರೆಂಡ್ ಅವಳೊಬ್ಬಳೇ. ಈಗ ಬಿಲ್ಡಿಂಗ್ ಒಡೀತಾರೆ. ಭಾನುವಾರ ಹಳೇ ಮಕ್ಕಳಿಗೆಲ್ಲ ಸೆಂಡ್‌ಆಫ್. ಇದು ಹೋದ್ರೆ ಮತ್ತೆ ಅವಳು ನನಗೆ ಸಿಗ್ಲಿಕ್ಕಿಲ್ಲ."

ಹಾಗಾದರೆ ಸಲೀಸಾಯಿತಲ್ಲ, ಅಲ್ಲಿಯೇ ಸಿಗುತ್ತಾರೆ ಎಂದೆ. ಸುಮತಕ್ಕ ತಲೆ ಅಲ್ಲಾಡಿಸಿದರು. ಬೀಳ್ಕೊಡುಗೆಯೂ ಎರಡು ಪಾಳಿಯಲ್ಲಿತ್ತು. ಬೆಳಗಿನ ಪಾಳಿಯ ಹಳೆಯ ವಿದ್ಯಾರ್ಥಿಗಳಿಗೆ ಬೆಳಿಗ್ಗೆ, ಮಧ್ಯಾಹ್ನದವರಿಗೆ ಮಧ್ಯಾಹ್ನ.

"ಕೂಡಿಸಿ ಮಾಡಿದರ ಏನ್ರಿ ಆಗತೈತಿ?"

ನಾನೇನೋ ಅಸಭ್ಯ ಮಾತಾಡಿದೆ ಎನ್ನುವಂತೆ ಅವರು ನೋಡಿದರು. "ಎರಡು ಪಾಳಿ ಒಟ್ಟಿಗೆ ಹೇಗಾಗ್ತದೆ ಟೀಚರ್?"

ಅಷ್ಟು ವರ್ಷಗಳ ಶಿಸ್ತು ನೆತ್ತರಿಗಿಳಿದಿತ್ತು. ಆದರೂ ಅವರ ಯೋಜನೆ ಆ ಶಿಸ್ತನ್ನು ಮುರಿಯುವುದೇ. ಮಧ್ಯಾಹ್ನದ ಸುಮತಿ ಈ ಸಲ ಬೆಳಗಿನ ಪಾಳಿಗೆ ನುಗ್ಗುವವಳಿದ್ದಳು. ಜೊತೆಗೆ ಬಯ್ಯಿಸಿಕೊಳ್ಳಲು ಒಬ್ಬ ನಿವೃತ್ತ ಟೀಚರ್ ಬೇಕಿತ್ತು.

ಠಾಣೆ

ಡೊಂಬಿವಲಿಯಿಂದ ಠಾಣೆಗೆ ಹೋಗಲು ಸುಮತಕ್ಕ ಮೊದಲು ನನ್ನನ್ನು ಕಲ್ಯಾಣದ ಕಡೆಯ ರೈಲು ಹತ್ತಿಸಿದರು. ಉತ್ತರಕ್ಕೆ ಹೋಗಬೇಕಾದವರು ದಕ್ಷಿಣದ ಬಸ್ ಹತ್ತಿದಂತೆ. ತಪ್ಪು ರೈಲು ಎಂದು ನಾನು ಬಾಯಿ ಬಡಿದುಕೊಂಡೆ. ಪಕ್ಕದಲ್ಲಿದ್ದ ಹೆಂಗಸರೆಲ್ಲ ನಕ್ಕರು. ಡೊಂಬಿವಲಿಯಲ್ಲಿ ಸೀಟು ಸಿಗುವುದಿಲ್ಲವಂತೆ. ಹಾಗಾಗಿ ಹಿಂದಕ್ಕೆ ಕಲ್ಯಾಣದ ತನಕ ಹೋಗಿ, ಅಲ್ಲಿ ಖಾಲಿಯಾಗುವ ರೈಲಿನಲ್ಲಿ ಕೂತು, ಅದೇ ರೈಲಿನಲ್ಲಿ ಮತ್ತೆ ಡೊಂಬಿವಲಿ ದಾಟಿ ಮುಂದಕ್ಕೆ ಹೋಗುತ್ತಾರೆ. ಮನೆಯ ಮುಂದೆಯೇ ಎರಡು ಸಲ ಹಾದು ಹೋಗುವ ಈ ಪದ್ಧತಿಗೆ ಯಾರಿಗೂ ನಾಚಿಕೆಯಿಲ್ಲ. ಸೊಂಟ ನೋವಿರುವ ನಾನು ಕೂತ ಮೇಲೆ ಮರು ಮಾತಾಡಲಿಲ್ಲ.

ಠಾಣೆಯಲ್ಲಿ ಕೆರೆಯ ಹತ್ತಿರ ಒಂದು ಹಳೆಯ ಕಲ್ಲಿನ ಶಾಲೆ ಸಿಕ್ಕಿತು. ಎತ್ತರದ ಕಿಟಕಿ, ಮರದ ಜಾಲರಿ, ಮೇಲೆ ಗಂಟೆ ಕಟ್ಟುವ ಪುಟ್ಟ ಗೋಪುರ. ಗೇಟಿನಲ್ಲಿದ್ದ ಕಾವಲುಗಾರ ಫೋಟೋ ತೆಗೆಯುವಂತಿಲ್ಲ ಎಂದ. ಫೋಟೋ ಅಲ್ಲ, ಚಿತ್ರ ಬರೆಯುತ್ತೇನೆ ಎಂದೆ. ಆತ ಬಹಳ ಹೊತ್ತು ಯೋಚಿಸಿದ. ಚಿತ್ರ ಬರೆಯಬಾರದು ಎಂದು ಯಾರೂ ಹೇಳಿಲ್ಲವಲ್ಲ ಎಂದುಕೊಂಡು ತನ್ನ ಕುರ್ಚಿಯನ್ನೇ ತಂದು ಹಾಕಿದ. ಆಮೇಲೆ ನನ್ನ ಹೆಗಲ ಹಿಂದೆ ನಿಂತು, ಎಡಗಡೆಯ ಕಿಟಕಿ ಸೊಟ್ಟ ಆಗಿದೆ ಎಂದು ತಿದ್ದಿದ. ಕಿಟಕಿ ನಿಜವಾಗಿಯೂ ಸೊಟ್ಟಗಿತ್ತು, ಗೋಡೆಯಲ್ಲಿಯೇ. ನಾನು ತೋರಿಸಿದ ಮೇಲೆ ಆತನಿಗೆ ಶಾಲೆಯ ಮೇಲೆಯೇ ಸಿಟ್ಟು ಬಂತು.

ಅಲ್ಲಿಂದ ಸ್ಟೇಷನ್ನಿನ ಪಕ್ಕದ ಕೋಳಿವಾಡೆಗೆ ಹೋದೆವು. ಇದು ಮೀನುಗಾರರ ಹಳೆಯ ಕೇರಿ. ಸುತ್ತ ಎತ್ತರದ ಕಟ್ಟಡ, ಒಳಗೆ ಹೆಂಚಿನ ಮನೆಗಳ ಸಂದಿ. ಒಂದು ಮನೆಯ ಕಟ್ಟೆಯ ಮೇಲೆ ಕೂತು ನಾನು ಪುಸ್ತಕ ತೆರೆದೆನೋ ಇಲ್ಲವೋ, ಒಳಗಿನಿಂದ ಒಬ್ಬ ಅಜ್ಜಿ ಬಂದಳು. ಏಳು ಎನ್ನುತ್ತಾಳೆ ಎಂದುಕೊಂಡೆ. ಅವಳು ನನ್ನ ಕೈಗೆ ಒಂದು ಕೋಲು ಕೊಟ್ಟು, ಅಂಗಳದಲ್ಲಿ ಒಣಹಾಕಿದ್ದ ಸಿಗಡಿ ಮೀನಿನತ್ತ ಬೆರಳು ತೋರಿಸಿ, ಬೆಕ್ಕು ಬಂದರೆ ಹೊಡೆ ಎಂದು ಹೇಳಿ ನೀರಿಗೆ ಹೋದಳು. ಹುಟ್ಟಿದಾಗಿನಿಂದ ಈರುಳ್ಳಿಯನ್ನೂ ಯೋಚಿಸಿ ತಿಂದವಳು ನಾನು. ಆ ಮಧ್ಯಾಹ್ನ ಒಂದು ಕೈಯಲ್ಲಿ ಪೆನ್ಸಿಲ್, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಸಿಗಡಿ ಕಾದೆ. ಸುಮತಕ್ಕ ನಗು ತಡೆಯಲಾರದೆ ಗೋಡೆಗೆ ಒರಗಿದ್ದರು. ಅವರ ಅಪ್ಪನ ಹೋಟೆಲು ಶುದ್ಧ ಸಸ್ಯಾಹಾರಿ, ಆದರೆ ಮನೆ ಹಾಗಲ್ಲ. ವಾಪಸ್ ಬಂದ ಅಜ್ಜಿಯಿಂದ ಅವರು ಒಂದು ಪೊಟ್ಟಣ ಸಿಗಡಿ ಕೊಂಡರು.

ನಮ್ಮೂರಲ್ಲಿ ಹೊಸಬರು ಬಂದರೆ ಕೂರಿಸಿ ಚಹಾ ಕೊಡುತ್ತೇವೆ. ಇಲ್ಲಿ ಕೆಲಸ ಕೊಡುತ್ತಾರೆ. ಮೊದಲು ಸಿಟ್ಟು ಬಂತು, ಆಮೇಲೆ ಯೋಚಿಸಿದರೆ ಇದೂ ಒಂದು ಮರ್ಯಾದೆಯೇ ಅನ್ನಿಸಿತು.

ಮುಂಬ್ರಾ ದಾಟುವಾಗ

ವಾಪಸ್ ಬರುವಾಗ ನಿಧಾನದ ಲೋಕಲ್ ಹತ್ತಿದೆವು. ಮುಂಬ್ರಾ ಬಂದಾಗ ಒಂದು ಕಡೆ ಗುಡ್ಡ ರೈಲಿನ ಮೈಗೇ ಬಂದು ನಿಂತಿತ್ತು, ಇನ್ನೊಂದು ಕಡೆ ಖಾಡಿ ಎನ್ನುವ ಉಪ್ಪು ಹಿನ್ನೀರು. ನಡುವೆ ಸಿಕ್ಕ ಜಾಗದಲ್ಲೆಲ್ಲ ಮನೆಗಳು ಒಂದರ ಹೆಗಲ ಮೇಲೆ ಒಂದು ಕೂತಿದ್ದವು. ಇಳಿದು ನೋಡೋಣ ಎಂದೆ. "ಈ ಹೊತ್ತಲ್ಲಿ ಇಳಿದ್ರೆ ಮತ್ತೆ ಹತ್ಲಿಕ್ಕೆ ಆಗುದಿಲ್ಲ ಮಾರಾಯ್ತಿ," ಎಂದು ಸುಮತಕ್ಕ ನನ್ನ ಸೆರಗು ಹಿಡಿದರು.

ಎದುರಿನ ಸೀಟಿನ ಹೆಂಗಸು ಮಡಿಲಲ್ಲಿ ಮೆಂತ್ಯ ಸೊಪ್ಪು ಹಾಕಿಕೊಂಡು ಬಿಡಿಸುತ್ತಿದ್ದಳು. ನಾನು ನೋಡುವುದನ್ನು ನೋಡಿ ಒಂದು ಕಟ್ಟು ನನಗೂ ಕೊಟ್ಟಳು. ಸರಿ, ಬಿಡಿಸಿದೆ. ಎಲ್ಲಿ ಹೊರಟಿದ್ದೀರಿ ಎಂಬ ಮಾತು ಬಂದು, ಸುಮತಕ್ಕ ಕುಂದಾಳ ಕಥೆ ಹೇಳಿದರು. ಇಡೀ ಬೋಗಿ ಮೊಬೈಲ್ ಕೆಳಗಿಟ್ಟು ಕೇಳಿತು. ಒಬ್ಬಳು ತನ್ನ ಅತ್ತೆಯ ಹೆಸರು ಕುಂದಾ ಎಂದಳು. ವಿಚಾರಿಸಿದರೆ ಆ ಅತ್ತೆ ಓದಿದ್ದು ನಾಗಪುರದಲ್ಲಿ. ಮೆಂತ್ಯದವಳು ಡೊಂಬಿವಲಿಯಲ್ಲಿ ನಾವು ಇಳಿಯುವಾಗ, "ಸಿಕ್ಕರೆ ನನಗೆ ಹೇಗೆ ಗೊತ್ತಾಗಬೇಕು?" ಎಂದು ಚಿಂತೆಯಿಂದ ಕೇಳಿದಳು. ಅದಕ್ಕೆ ಉತ್ತರ ಕೊಡುವ ಮೊದಲು ಜನ ನಮ್ಮನ್ನು ಪ್ಲಾಟ್‌ಫಾರ್ಮಿಗೆ ನೂಕಿಯಾಗಿತ್ತು.

ಸಾನಪಾಡಾ

ನವಿ ಮುಂಬೈಯನ್ನು ಮೊದಲು ಕಾಗದದ ಮೇಲೆ ಬರೆದು ಆಮೇಲೆ ಕಟ್ಟಿದ್ದಾರೆ. ಚಿತ್ರಕಲೆಯ ಶಿಕ್ಷಕಿಗೆ ಇಷ್ಟವಾಗಬೇಕಿತ್ತು. ಆದರೆ ರಸ್ತೆ ನೇರ, ಮರ ನೇರ, ಬೆಂಚು ನೇರ. ನನ್ನ ಪೆನ್ಸಿಲಿಗೆ ಹಿಡಿಯಲು ಏನೂ ಸಿಗಲಿಲ್ಲ. ನೇಹಾಳ ಕಚೇರಿ ಆ ಕಡೆಯೇ ಇದ್ದುದರಿಂದ ಅವಳೂ ನಮ್ಮ ಜೊತೆ ಬಂದಳು. ಸಾನಪಾಡಾದಲ್ಲಿ ಹಳೆಯ ಶಾಲೆಗೆ ಹೋಗಬೇಕು ಎಂದು ರಿಕ್ಷಾದವನಿಗೆ ಹೇಳಿದೆ. "ಸೆಕ್ಟರ್?" ಎಂದ. ಗೊತ್ತಿಲ್ಲ ಎಂದೆ. ಸೆಕ್ಟರ್ ಇಲ್ಲದ ಜಾಗ ಭೂಮಿಯ ಮೇಲೆ ಇರಲು ಸಾಧ್ಯವಿಲ್ಲ ಎನ್ನುವಂತೆ ಮುಖ ಮಾಡಿ ಹೊರಟುಹೋದ. ನಮ್ಮ ಹುಬ್ಬಳ್ಳಿಯಲ್ಲಿ ವಿಳಾಸ ಎಂದರೆ ಗಿರಣಿಯ ಹಿಂದ, ಬೇವಿನ ಗಿಡದ ಎಡಕ್ಕ. ಗಿಡ ಕಡಿದು ವರ್ಷಗಳಾದರೂ ಎಡಕ್ಕೇ ತಿರುಗುತ್ತೇವೆ.

ಕೊನೆಗೆ ನಡೆದೇ ಹುಡುಕಿದೆವು. ಸೆಕ್ಟರುಗಳ ನಡುವೆ ಮೂಲ ಹಳ್ಳಿ ಇನ್ನೂ ಇದೆ. ನೇರವಾದ ರಸ್ತೆ ಒಮ್ಮೆಗೇ ಸೊಟ್ಟವಾಯಿತು, ಬಾಗಿಲಲ್ಲಿ ರಂಗೋಲಿ ಬಂತು, ಕೋಳಿ ಅಡ್ಡ ಬಂತು. ಅಲ್ಲಿ ಗೋಪುರದಂಥ ಮನೆಗಳ ನೆರಳಿನಲ್ಲಿ ಒಂದು ಹಳ್ಳಿಶಾಲೆ, ಮುಂದೆ ಒಂದೇ ಒಂದು ಕಲ್ಲಿನ ಮೆಟ್ಟಿಲು. ಆ ಒಂದೇ ಮೆಟ್ಟಿಲು ಚೆನ್ನಾಗಿ ಸವೆದಿತ್ತು. ನಾನು ಖುಷಿಯಿಂದ ಕೂತು ಬರೆದೆ.

ಬರೆಯುತ್ತಿರುವಾಗ ನೇಹಾ ತಾಯಿಗೆ ಮೆಲ್ಲಗೆ ಮರಾಠಿಯಲ್ಲಿ ಏನೋ ಕೇಳಿದಳು. ಸುಮತಕ್ಕ ನನ್ನ ಪಕ್ಕ ಬಂದು ಕೂತರು. ಆಮೇಲೆ ನನಗೆ ಹೇಳಿದರು: "ಕುಂದಾ ಬದುಕಿಲ್ಲದಿದ್ರೆ ಎಂತ ಮಾಡ್ತಿ ಅಂತ ಕೇಳ್ತಾಳೆ. ನಾನು ಅದನ್ನು ಯೋಚನೆ ಮಾಡಿರ್ಲೇ ಇಲ್ಲ ಟೀಚರ್. ನನ್ನ ತಲೆಯಲ್ಲಿ ಅವಳಿಗೆ ಇನ್ನೂ ಎರಡು ಜಡೆ."

ನೇಹಾಳಿಗೆ ಕೇಳಬಾರದ್ದು ಕೇಳಿದೆ ಅನ್ನಿಸಿರಬೇಕು. ನಾನು ಅಲ್ಲಿದ್ದಷ್ಟು ದಿನಗಳಲ್ಲಿ ಮೊದಲ ಸಲ ಅವಳು ಕನ್ನಡದಲ್ಲಿ ಮಾತಾಡಿದಳು. "ಇರ್ತಾಳೆ ಆಈ. ಸಿಗ್ತಾಳೆ." ಆಈ ಎಂದರೆ ಅಮ್ಮ. ಹೇಳಿದ್ದು ಅಷ್ಟೇ. ಆ ಮಾತಿನ ಮೇಲೆ ಸುಮತಕ್ಕ ಆ ದಿನವೆಲ್ಲ ನಡೆದರು.

ಕಲ್ಯಾಣ: ಬೆಳಗಿನ ಪಾಳಿ

ಭಾನುವಾರ ಸುಮತಕ್ಕ ರೇಷ್ಮೆ ಸೀರೆ ಉಟ್ಟು, ಬದಲಾಯಿಸಿ ಹತ್ತಿಯದು ಉಟ್ಟು, ಮತ್ತೆ ರೇಷ್ಮೆಯದಕ್ಕೇ ಬಂದರು. ಹಳೆಯ ಕಲ್ಯಾಣದ ರಸ್ತೆಗಳು ನನಗೆ ಹುಬ್ಬಳ್ಳಿಯ ಪೇಟೆಯನ್ನು ನೆನಪಿಸಿದವು. ಮರದ ಬಾಲ್ಕನಿ, ಕೆಳಗೆ ಪಾತ್ರೆ ಅಂಗಡಿ, ಹಾಯಾಗಿ ಮಲಗಿದ ಹಸು. ಸುಮತಕ್ಕ ಇಲ್ಲಿ ಅಪ್ಪನ ಹೋಟೆಲ್ ಇತ್ತು ಎಂದು ತೋರಿಸಿದ ಕಡೆ ಮೊಬೈಲ್ ಅಂಗಡಿ ಇತ್ತು. ಅವರು ನಿಲ್ಲಲೂ ಇಲ್ಲ. ಅವರ ಕಾಲು ಶಾಲೆಯತ್ತ ಓಡುತ್ತಿತ್ತು.

ಶಾಲೆ ಎರಡು ಮಹಡಿಯ ಕಲ್ಲು ಮತ್ತು ಸಾಗುವಾನಿಯ ಕಟ್ಟಡ. ಇಂಥದ್ದನ್ನು ಒಡೆಯುವವರ ಕೈಗೆ ಒಂದು ಸಲ ಪೆನ್ಸಿಲ್ ಕೊಟ್ಟು ಬರೆಸಬೇಕು, ಆಗ ಸುತ್ತಿಗೆ ಎತ್ತಲು ಮನಸ್ಸು ಬರುವುದಿಲ್ಲ. ಮುಂದಿನ ಮೆಟ್ಟಿಲಿನ ಅಂಚು ದೋಣಿಯಂತೆ ಬಾಗಿತ್ತು. ನಾನು ಅಲ್ಲಿಯೇ ಕೂರಲು ಹೊರಟೆ. ಸುಮತಕ್ಕ ರಟ್ಟೆ ಹಿಡಿದು ಎಳೆದರು.

ಮೇಲಿನ ದೊಡ್ಡ ಕೋಣೆಯಲ್ಲಿ ಬೆಳಗಿನ ಪಾಳಿಯ ನರೆತ ಮಕ್ಕಳು ತುಂಬಿದ್ದರು. ಭಾಷಣ, ಅವಲಕ್ಕಿಯ ಪೋಹೆ, ಚಹಾ ಎಲ್ಲ ನಡೆದಿತ್ತು. ಮೈಕ್ ಹಿಡಿದ ದಪ್ಪನೆಯ ಗೃಹಸ್ಥರೊಬ್ಬರು ನಮ್ಮ ಹತ್ತಿರ ಬಂದು ಯಾವ ವರ್ಷದ ಬ್ಯಾಚು ಎಂದು ಕೇಳಿದರು. ಸುಮತಕ್ಕ ಸುಳ್ಳು ಹೇಳುತ್ತಾರೆ ಎಂದುಕೊಂಡಿದ್ದೆ. ಆದರೆ ಅವರು ಕೈಕಟ್ಟಿ ನಿಂತು, ತಾನು ಮಧ್ಯಾಹ್ನದ ಪಾಳಿಯವಳು, ಕ್ಷಮಿಸಬೇಕು, ಕುಂದಾ ಎಂಬವಳನ್ನು ಹುಡುಕಿ ಬಂದೆ ಎಂದು ಮರಾಠಿಯಲ್ಲಿ ಒಪ್ಪಿಸಿಬಿಟ್ಟರು. ಗೃಹಸ್ಥರಿಗೆ ಮೊದಲು ಗಾಬರಿಯಾಯಿತು. ಆಮೇಲೆ ಮೈಕಿನಲ್ಲಿ ಕೂಗಿದರು, ಕುಂದಾ ಎಂಬವರು ಇದ್ದರೆ ಮುಂದೆ ಬರಬೇಕು ಎಂದು.

ಯಾರೂ ಬರಲಿಲ್ಲ. ಸುಮತಕ್ಕ ಒಂದೊಂದೇ ಮುಖ ನೋಡುತ್ತಾ ಹೋದರು. ಆ ನೋಟ ನನಗೆ ನೋಡಲಾಗಲಿಲ್ಲ.

ಆಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಅವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೇಳಿದ್ದರಂತೆ, ಮಧ್ಯಾಹ್ನದ ಪಾಳಿಯಲ್ಲಿ ಹೋಟೆಲಿನವರ ಹುಡುಗಿಯೊಬ್ಬಳು ಇದ್ದಳು, ಯಾರಿಗಾದರೂ ಗೊತ್ತೇ ಎಂದು. ಹೆಸರಿಲ್ಲದ ನಂಬರ್ ಅದು. ಗೊತ್ತಿಲ್ಲ ಎಂದಾಗ, ಹಾಗಾದರೆ ತಾನು ಬೆಳಿಗ್ಗೆ ಬರುವುದಿಲ್ಲ, ಮಧ್ಯಾಹ್ನದವರ ಸಭೆಗೇ ಹೋಗಿ ಹುಡುಕುತ್ತೇನೆ ಎಂದಿದ್ದರಂತೆ.

ಸುಮತಕ್ಕ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರು ಎಂದರೆ ಬಳೆ ಒತ್ತಿ ಗುರುತು ಬಿತ್ತು. "ಅವಳು ಸಹ ಹುಡುಕ್ತಾ ಇದ್ದಾಳೆ ಟೀಚರ್. ನಾನು ಬೆಳಿಗ್ಗೆ ಬಂದೆ, ಅವಳು ಮಧ್ಯಾಹ್ನ ಬರ್ತಾಳೆ. ಈಗ್ಲೂ ತಪ್ಪುತಿತ್ತು ನೋಡಿ."

ಕಲ್ಯಾಣ: ಮಧ್ಯಾಹ್ನದ ಪಾಳಿ

ಊಟದ ಹೊತ್ತಿಗೆ ಗಂಟೆ ಬಾರಿಸಿದರು. ಬೆಳಗಿನ ಪಾಳಿಯವರು ದಯವಿಟ್ಟು ಮುಂದಿನ ಮೆಟ್ಟಿಲಿನಿಂದ ಇಳಿಯಬೇಕು ಎಂದು ಮೈಕಿನವರು ಘೋಷಿಸಿದರು. ಮೊಮ್ಮಕ್ಕಳಿರುವ ಜನ ಸಾಲಾಗಿ ಇಳಿಯತೊಡಗಿದರು. ನಾವು ಇಲ್ಲೇ ಕೂತಿರೋಣ ಎಂದು ನಾನೆಂದೆ. ನೀವು ಮಧ್ಯಾಹ್ನದವರಾದರೆ ಹಿಂದಿನ ಮೆಟ್ಟಿಲಿನಿಂದ ಬನ್ನಿ ಎಂದು ಮೈಕಿನವರು ವಿನಯದಿಂದಲೇ ಹೇಳಿದರು. ಮೇಲೆ ಇದ್ದವರು ಕೆಳಗಿಳಿದು, ಕಟ್ಟಡ ಸುತ್ತಿ, ಮತ್ತೆ ಮೇಲೆ ಬರುವುದು. ನನಗೆ ರೇಗಿಹೋಯಿತು. ಆದರೆ ಸುಮತಕ್ಕ ಆಗಲೇ ಸಾಲಿನಲ್ಲಿ ನಿಂತಾಗಿತ್ತು. ಮೊಣಕಾಲು ನೋವಿನಲ್ಲಿ ಇಳಿದರು, ಸುತ್ತಿ ಬಂದರು, ಕಂಬಿ ಹಿಡಿದು ಹಿಂದಿನ ಮೆಟ್ಟಿಲು ಹತ್ತಿದರು.

ಸಭೆಗೆ ಹೋಗದೆ ನೇರವಾಗಿ ನಾಲ್ಕನೆಯ ತರಗತಿಯ ಕೋಣೆಗೆ ಹೋದರು. ಧೂಳು ಹಿಡಿದ ಬೆಂಚುಗಳನ್ನು ಅರ್ಧ ಗೋಡೆಗೆ ಒಟ್ಟಿದ್ದರು. ಒಂದೊಂದರ ಮೇಲೂ ಸೆರಗಿನಿಂದ ಒರೆಸಿ ನೋಡಿದರು. ಕೊನೆಗೆ ಒಂದರ ಮುಂದೆ ನಿಂತರು. ಕುಂದಾ ಎಂದು ಮರಾಠಿಯಲ್ಲಿ, ಪಕ್ಕದಲ್ಲಿ ಸುಮತಿ ಎಂದು ಕನ್ನಡದಲ್ಲಿ. ಸಕಾರದ ಕೊಂಬು ತಪ್ಪಾಗಿ ಎದ್ದಿತ್ತು. ನಾವಿಬ್ಬರೂ ಸೇರಿ ಬೆಂಚನ್ನು ಕಿಟಕಿಯ ಬಳಿಗೆ ಎಳೆದೆವು. ರೇಷ್ಮೆ ಸೀರೆಗೆ ಧೂಳಾಗುತ್ತದೆಂಬ ಪರಿವೆಯೂ ಇಲ್ಲದೆ ಸುಮತಕ್ಕ ಕೂತರು. ಪಕ್ಕದ ಸಭೆಯಲ್ಲಿ ಯಾರೋ ಕನ್ನಡದಲ್ಲಿ ಸ್ವಾಗತ ಭಾಷಣ ಶುರುಮಾಡಿದ್ದರು. ನಾನು ಮೂಲೆಯಲ್ಲಿ ಪುಸ್ತಕ ತೆರೆದು ಬರೆಯುವವಳಂತೆ ನಟಿಸಿದೆ.

ತುಸು ಹೊತ್ತಿಗೆ ಬಾಗಿಲಲ್ಲಿ ಒಬ್ಬ ಎತ್ತರದ, ತೆಳ್ಳನೆಯ ಹೆಂಗಸು ಬಂದು ನಿಂತಳು. ಬಿಳಿಯಾದ ಕೂದಲು, ನೂಲಿನ ಸೀರೆ. ಬೆಂಚನ್ನು ನೋಡಿದಳು, ಸುಮತಕ್ಕನನ್ನು ನೋಡಿದಳು. ಸುಮತಕ್ಕ ಡೆಸ್ಕಿಗೆ ಕೈಯೂರಿ ಮುಂದೆ ಬಾಗಿದರು.

"ಕುಂದಾ?" ಎಂದರು.

ಆಕೆ ಒಳಗೆ ಬರಲಿಲ್ಲ. ಹೊಸಿಲ ಮೇಲೆಯೇ ನಿಂತು ಮರಾಠಿಯಲ್ಲಿ ಹೇಳಿದಳು. ಆಡಿದ್ದು ನಿಧಾನವಾಗಿ, ಹಾಗಾಗಿ ನನಗೂ ತಿಳಿಯಿತು.

"ನಾನು ಕುಂದಾ ಅಲ್ಲ. ಕುಂದಾಳ ಅಪ್ಪ ರೇಲ್ವೆಯಲ್ಲಿದ್ದರು. ನಾಲ್ಕನೇ ಇಯತ್ತೆ ಮುಗಿದ ಮೇಲೆ ಬದಲಿಯಾಗಿ ಭುಸಾವಳಕ್ಕೆ ಹೋದರು. ಐದರಲ್ಲಿ ಕಿಟಕಿ ಬದಿಯ ಜಾಗ ನನಗೆ ಸಿಕ್ಕಿತು. ಖಾನೆಗೆ ಕೈ ಹಾಕಿದರೆ ಕಾಗದದ ಪೊಟ್ಟಣ. ಕುಂದಾಳಿಗೆ ಅದು ಬರ್ತಿತ್ತು ಅಂತ ನಮಗೆಲ್ಲ ಗೊತ್ತಿತ್ತು. ನಾನು ತಿಂದೆ."

ಸುಮತಕ್ಕ ಡೆಸ್ಕಿನ ಮೇಲಿನ ಕುಂದಾಳ ಹೆಸರಿನ ಮೇಲೆ ಅಂಗೈ ಇಟ್ಟರು. ಆಕೆ ಮುಂದುವರಿಸಿದಳು.

"ನಮ್ಮ ಮನೆಯಲ್ಲಿ ತುಂಬಾ ಜನ. ಬೆಳಗಿನ ಶಾಲೆಗೆ ಬರೀ ಚಹಾ ಕುಡಿದು ಬರ್ತಿದ್ದೆ. ಕುಂದಾ ಇಲ್ಲ ಅಂತ ನಿನಗೆ ಗೊತ್ತಾದರೆ ನೀನು ಇಡೋದು ನಿಲ್ಲಿಸ್ತೀಯ ಅಂತ ಹೆದರಿಕೆ. ಅದಕ್ಕೇ ಕುಂದಾ ತರ್ತಿದ್ದ ಮರದ್ದೇ ಹುಣಸೆಹಣ್ಣು ತಂದೆ. ಉಪ್ಪು ಸಹ ಅವಳ ಹಾಗೇ ಹಾಕಿದೆ. ಈ ಡೆಸ್ಕಿನ ಮೇಲೆ ನೀನು ಕೊರೆದ ಹೆಸರು ಓದೋಕೆ ನನಗೆ ಬರ್ತಿರಲಿಲ್ಲ. ಮನಸ್ಸಿನಲ್ಲಿ ನಿನಗೆ ದುಪಾರಚೀ ಅಂತಿದ್ದೆ, ಮಧ್ಯಾಹ್ನದವಳು ಅಂತ. ಒಡೆಯೋ ಮೊದಲು ಒಂದು ಸಲ ಹೇಳಬೇಕಿತ್ತು. ಹೇಳಿದೆ. ನೀನು ಹುಡುಕಿ ಬಂದದ್ದು ಅವಳನ್ನು. ಭುಸಾವಳದಲ್ಲಿ ವಿಚಾರಿಸಿದೆ, ಅವರು ಅಲ್ಲಿಂದಲೂ ಹೋಗಿದ್ದಾರೆ."

ಆಕೆ ತಿರುಗಿ ಹೊರಟೇಬಿಡುವಂತಿತ್ತು. ನಾನು ಪುಸ್ತಕ ಮುಚ್ಚಿದೆ. ಸುಮತಕ್ಕನ ಮುಖ ಕೆಂಪಾಗಿತ್ತು. ಇಷ್ಟು ವರ್ಷ ಎರಡು ಜಡೆಯ ಕುಂದಾಳನ್ನು ಹೊತ್ತು ತಿರುಗಿದವರು. ಈಗ ಏನು ಮಾಡುತ್ತಾರೋ ಎಂದು ನನಗೆ ನಿಜವಾಗಿಯೂ ಭಯವಾಯಿತು. ಅವರು ಬೆರಳು ಮಡಿಚಿ ಏನೋ ಲೆಕ್ಕ ಹಾಕಿದರು.

"ಹಾಗಾದ್ರೆ ಕುಂದಾ ಇದ್ದದ್ದು ಮೂರು, ನಾಲ್ಕು," ಎಂದರು. "ಐದು, ಆರು, ಏಳು ನೀನು."

ಕನ್ನಡದಲ್ಲಿ ಹೇಳಿದ್ದೇನೆಂದು ತಾವೇ ಗಮನಿಸಿ, ಮತ್ತೆ ಮರಾಠಿಯಲ್ಲಿ ಹೇಳಿದರು. ಆಕೆ ಹೌದೆಂದು ತಲೆ ಆಡಿಸಿದಳು.

"ಸಂಜೆ ಇಟ್ಟದ್ದು. ಬೆಳಿಗ್ಗೆಗೆ ಬನ್ಸ್ ಗಟ್ಟಿ ಆಗ್ತಿರಲಿಲ್ವಾ?"

"ಆಗ್ತಿತ್ತು. ಇರುವೆನೂ ಇರ್ತಿತ್ತು. ಝಾಡಿಸಿ ತಿಂತಿದ್ದೆ."

ಸುಮತಕ್ಕ ಬೆಂಚಿನಲ್ಲಿ ಕಿಟಕಿಯ ಕಡೆಗೆ ಸರಿದರು. ಸೆರಗಿನಿಂದ ಪಕ್ಕದ ಜಾಗದ ಧೂಳು ಒರೆಸಿದರು. ಆಕೆ ಬಂದು ಕೂತಳು. ಮಕ್ಕಳ ಬೆಂಚು ಅದು, ಇಬ್ಬರ ಮೊಣಕಾಲೂ ಡೆಸ್ಕಿಗೆ ತಾಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಭಾಷಣ ಮುಗಿದು ಚಪ್ಪಾಳೆ ಬಿತ್ತು. ಇಬ್ಬರೂ ಕಪ್ಪುಹಲಗೆಯ ಕಡೆ ಮುಖ ಮಾಡಿ ಕೂತಿದ್ದರು. ಆಮೇಲೆ ಸುಮತಕ್ಕ ಅವಳ ಕಡೆ ತಿರುಗಿದರು.

"ನಿನ್ನ ಹೆಸರೇನು?"

"ವಿಜಯಾ."

"ವಿಜಯಾ," ಎಂದು ಸುಮತಕ್ಕ ಒಮ್ಮೆ ಹೇಳಿ ನೋಡಿದರು. "ನಾನು ಸುಮತಿ."